ಅಹ್‌ಕಾಫಿನ ಮರಳು ಮತ್ತು ನಮ್ಮ ಮುಂಗಾರು

ಪವಿತ್ರ ಕುರ್‌ಆನಿನ 46ನೆಯ ಅಧ್ಯಾಯದ ಹೆಸರು ‘ಅಲ್ ಅಹ್‌ಕಾಫ್’. ಗಾಳಿಯ ಹೊಡೆತಕ್ಕೆ ಬಾಗಿ ನಿಂತ ನೀಳವಾದ ಮರಳು ದಿಬ್ಬಗಳಿಗೆ ಅರಬಿ ಭಾಷೆಯಲ್ಲಿ ಹಾಗೆನ್ನುತ್ತಾರೆ. ಪ್ರವಾದಿ ಹೂದ್(ಅ)ರ ಜನರಾದ ಆದ್ ಜನಾಂಗವು ನೆಲೆಸಿದ್ದ ನಾಡು ಅದು. ಯಮನ್ ಮತ್ತು ಒಮಾನ್‌ಗಳ ನಡುವಣ ಮರಳುನಾಡೇ ಅದೆಂದು ಹಲವು ವ್ಯಾಖ್ಯಾನಕಾರರು ಗುರುತಿಸಿದ್ದಾರೆ. ಈ ಅಧ್ಯಾಯದ ಪಾಠ ನಡೆಯುತ್ತಿದ್ದಾಗ, ತಂದೆ ಒಮಾನಿನ ಸಲಾಲಾದಲ್ಲಿ ದುಡಿಯುತ್ತಿರುವ ಹುಡುಗನೊಬ್ಬ ಕೇಳಿದ: “ಉಸ್ತಾದ್, ಹಾಗಾದರೆ ಮರುಭೂಮಿ ಎಂದರೆ ಶಾಪ ತಟ್ಟಿದ ನೆಲವೇ?”

ಆ ಪ್ರಶ್ನೆಯ ಹಿಂದೆ ತಂದೆಯ ಕುರಿತ ಅಳುಕಿತ್ತು. ಅದನ್ನು ಒಂದು ಮಾತಿನಲ್ಲಿ ತಳ್ಳಿಹಾಕುವಂತಿರಲಿಲ್ಲ. ಮರುಭೂಮಿಯು ಹೇಗೆ ಉಂಟಾಗುತ್ತದೆಂಬುದನ್ನೇ ಮಕ್ಕಳಿಗೆ ವಿವರಿಸಬೇಕಾಯಿತು.

ಭೂಮಧ್ಯರೇಖೆಯ ಬಳಿ ಬಿಸಿಲಿಗೆ ಕಾದ ತೇವಗಾಳಿ ಮೇಲೇರುತ್ತದೆ, ತಣಿಯುತ್ತದೆ, ಅಲ್ಲಿಯೇ ಮಳೆಯಾಗಿ ಸುರಿಯುತ್ತದೆ. ನೀರನ್ನು ಕಳೆದುಕೊಂಡ ಆ ಗಾಳಿಯು ಉತ್ತರಕ್ಕೂ ದಕ್ಷಿಣಕ್ಕೂ ಸಾಗಿ, ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಕೆಳಗಿಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಒಣಗಾಳಿಯಲ್ಲಿ ಮೋಡ ಕಟ್ಟುವುದಿಲ್ಲ. ಸಹಾರಾ, ಅರೇಬಿಯಾ, ಥಾರ್ ಮರುಭೂಮಿಗಳೆಲ್ಲವೂ ಈ ಪಟ್ಟಿಯಲ್ಲೇ ಅಥವಾ ಅದರ ಅಂಚಿನಲ್ಲಿವೆ. ಒಂದೆಡೆ ಮಳೆಕಾಡನ್ನು ಪೋಷಿಸುವ ವ್ಯವಸ್ಥೆಯೇ ಇನ್ನೊಂದೆಡೆ ಮರಳನ್ನು ಒಣಗಿಸುತ್ತದೆ.

ಪರ್ವತಗಳ ಪಾತ್ರವೂ ಇದರಲ್ಲಿದೆ. ಜೂನ್ ತಿಂಗಳಲ್ಲಿ ನಮ್ಮ ಕರಾವಳಿಗೆ ಮುಂಗಾರನ್ನು ತರುವ ನೈಋತ್ಯ ಮಾರುತದ ಸೆರಗೊಂದು ಸಲಾಲಾದ ಹಿಂದಿರುವ ಧೋಫಾರ್ ಬೆಟ್ಟಗಳನ್ನೂ ಸೋಕುತ್ತದೆ. ಸಮುದ್ರದತ್ತ ಮುಖ ಮಾಡಿದ ಇಳಿಜಾರುಗಳು ಮಂಜು ಮತ್ತು ತುಂತುರಿನಿಂದ ಸೆಪ್ಟೆಂಬರಿನವರೆಗೂ ಹಸಿರಾಗಿರುತ್ತವೆ. ಆ ಕಾಲವನ್ನು ಅಲ್ಲಿನವರು ‘ಖರೀಫ್’ ಎನ್ನುತ್ತಾರೆ. ಬೆಟ್ಟ ದಾಟಿದರೆ ಹಸಿರು ಮುಗಿಯಿತು. ಮುಂದೆ ‘ರುಬ್‌ಉಲ್ ಖಾಲಿ’, ಅಂದರೆ ಬರಿದಾದ ಕಾಲುಭಾಗ. ನಾವು ದಿನವೂ ಆಡುವ ‘ಖಾಲಿ’ ಎಂಬ ಪದವೇ ಅದು. ಸುಮಾರು 6,50,000 ಚದರ ಕಿಲೋಮೀಟರುಗಳಷ್ಟು ಹರಡಿದ ಮರಳಿನ ಕಡಲು. ಆಗುಂಬೆಯಲ್ಲಿ ಸುರಿಯುವ ಮಳೆಯ ಹತ್ತರಲ್ಲೊಂದು ಪಾಲೂ ಚಿತ್ರದುರ್ಗದ ಬಯಲಿಗೆ ದಕ್ಕುವುದು ಕಷ್ಟ. ಘಟ್ಟದ ಮರೆಯಲ್ಲಿ ಬದುಕುವ ನಮಗೆ ಈ ಪಾಠ ಹೊಸದೇನಲ್ಲ.

ಮರಳನ್ನು ದಿಬ್ಬವಾಗಿಸುವುದು ಗಾಳಿ. ಮರಳಿನ ಕಣವು ಧೂಳಿನಂತೆ ಆಕಾಶಕ್ಕೇರುವುದಿಲ್ಲ. ಕುಪ್ಪಳಿಸುತ್ತ ಸಾಗಿ, ಬಿದ್ದಲ್ಲಿ ಬೇರೆ ಕಣಗಳನ್ನು ಎಬ್ಬಿಸುತ್ತದೆ. ಗಾಳಿ ಬೀಸುವ ಕಡೆಯ ಇಳಿಜಾರು ಮೆಲುವಾಗಿರುತ್ತದೆ. ಕಣಗಳು ಅದನ್ನೇರಿ ತುದಿಯಿಂದ ಆಚೆಗೆ ಜಾರುತ್ತವೆ. ಆ ಬದಿ ಕಡಿದಾಗುತ್ತದೆ. ಹೀಗೆ ಹಿಂದಿನ ಮರಳು ಮುಂದಕ್ಕೆ ಬಂದು ದಿಬ್ಬವೇ ನಡೆಯುತ್ತದೆ. ರುಬ್‌ಉಲ್ ಖಾಲಿಯ ಕೆಲವು ದಿಬ್ಬಗಳ ಎತ್ತರ ಸುಮಾರು 250 ಮೀಟರ್.

ಆದರೆ ಮರುಭೂಮಿಯನ್ನು ಕೆತ್ತಿದ್ದು ಗಾಳಿಯೊಂದೇ ಅಲ್ಲ, ನೀರು ಕೂಡ. ಜಗತ್ತಿನ ಮರುಭೂಮಿಗಳ ಬಹುಪಾಲು ಮರಳಲ್ಲ. ಕಲ್ಲು, ಜಲ್ಲಿ, ಬಂಡೆ. ಅವುಗಳ ನಡುವಿನ ‘ವಾದಿ’ ಎಂಬ ಒಣ ಕಣಿವೆಗಳನ್ನು ಕೊರೆದದ್ದು ಹರಿಯುವ ನೀರು. ರುಬ್‌ಉಲ್ ಖಾಲಿಯಲ್ಲಿ ಪುರಾತನ ಸರೋವರಗಳ ತಳವೂ, ನೀರಾನೆಯ ಅವಶೇಷಗಳೂ ದೊರೆತಿವೆ. ಇಂದಿಗೂ ಗಿಡಮರಗಳಿಲ್ಲದ ನೆಲದಲ್ಲಿ ಮಳೆ ಬಂದರೆ ನೀರು ಇಂಗಲು ಪುರುಸೊತ್ತಿಲ್ಲದೆ ನೆರೆಯಾಗಿ ನುಗ್ಗುತ್ತದೆ. ಪ್ರವಾದಿತ್ವಕ್ಕೆ ಮೊದಲು ಕುರೈಶರು ಕಅಬಾವನ್ನು ಪುನರ್ನಿರ್ಮಿಸಬೇಕಾದುದಕ್ಕೆ ಅಂಥ ನೆರೆಯೂ ಒಂದು ಕಾರಣವಾಗಿತ್ತು. 1941ರ ನೆರೆಯಲ್ಲಂತೂ ಕಅಬಾದ ಸುತ್ತ ಜನರು ಈಜಿದ ಚಿತ್ರವಿದೆ.

ಹುಡುಗನ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ಶಾಪಗ್ರಸ್ತ ನೆಲವಾಗಿದ್ದರೆ ಪ್ರವಾದಿ ಇಬ್ರಾಹೀಮ್(ಅ)ರು ಬೆಳೆಯಿಲ್ಲದ ಕಣಿವೆಯಲ್ಲಿ ತಮ್ಮ ಕುಟುಂಬವನ್ನು ನೆಲೆಗೊಳಿಸಿ ಪ್ರಾರ್ಥಿಸುತ್ತಿದ್ದರೇ? ಅದೇ ಒಣ ಕಣಿವೆಯ ಒಡಲಲ್ಲಿ ಅಲ್ಲಾಹನು ಝಮ್‌ಝಮ್ ಚಿಮ್ಮಿಸಿದನು. ಆದ್ ಜನಾಂಗವನ್ನು ಕೆಡಿಸಿದ್ದು ಅವರ ಮರಳಲ್ಲ, ಅವರ ಅಹಂಕಾರ. ದಿಗಂತದಲ್ಲಿ ಕಂಡ ಮೋಡವನ್ನು ಅವರು ಮಳೆಯೆಂದು ಸಂಭ್ರಮಿಸಿದರು, ಬಂದದ್ದು ಬಿರುಗಾಳಿ. ಸಿಗುವುದೆಲ್ಲ ತಮ್ಮ ಹಕ್ಕೆಂದು ಭಾವಿಸಿದವರಿಗೆ ಮೋಡವನ್ನು ಓದಲು ಬರಲಿಲ್ಲ.

ಆದುದರಿಂದಲೇ ಪ್ರವಾದಿ ಮುಹಮ್ಮದ್(ಸ)ರು ಮೋಡ ಕವಿದಾಗ ಕಳವಳಗೊಳ್ಳುತ್ತಿದ್ದರು, ಆದ್ ಜನಾಂಗವನ್ನು ನೆನೆಯುತ್ತಿದ್ದರು, ಮಳೆ ಸುರಿದಾಗ ನಿರಾಳರಾಗುತ್ತಿದ್ದರು ಎಂದು ಹ. ಆಯಿಶಾ(ರ) ವರದಿ ಮಾಡಿದ್ದಾರೆ. ನಮಗೆ ಮಳೆ ಎಷ್ಟು ಅಭ್ಯಾಸವಾಗಿದೆಯೆಂದರೆ, ಆ ಕಳವಳವೂ ಇಲ್ಲ, ಆ ನಿರಾಳತೆಯೂ ಇಲ್ಲ. ಮದುವೆಯ ದಿನ ಮಳೆ ಬಂದರೆ ಗೊಣಗುತ್ತೇವೆ.

ಮನುಷ್ಯನ ಕೈಯೂ ಮರುಭೂಮಿಯನ್ನು ಮಾಡಬಲ್ಲದು. ಮರ ಕಡಿದು, ಅತಿಯಾಗಿ ಮೇಯಿಸಿ, ಅಂತರ್ಜಲವನ್ನು ಬತ್ತಿಸಿದ ಒಣನಾಡಿನಲ್ಲಿ ಮೇಲ್ಮಣ್ಣನ್ನು ಹಿಡಿದಿಡುವ ಬೇರೇ ಉಳಿಯುವುದಿಲ್ಲ. ಉಳಿದುದನ್ನು ಗಾಳಿ ಮತ್ತು ನೀರು ಒಯ್ಯುತ್ತವೆ. ಪ್ರವಾದಿ(ಸ)ರು ಒಂದು ‘ಮುದ್ದ್’ ನೀರಿನಿಂದ, ಎಂದರೆ ಎರಡು ಅಂಗೈಗಳ ಬೊಗಸೆಯಷ್ಟರಿಂದ, ವುಝೂ ಪೂರೈಸುತ್ತಿದ್ದರು. ನಮ್ಮ ಮಸೀದಿಗಳ ನಲ್ಲಿಯಲ್ಲಿ ಒಬ್ಬೊಬ್ಬರು ಒಂದು ಬಕೆಟ್ ಹರಿಸುತ್ತೇವೆ. ಘಟ್ಟವೂ ಮುಂಗಾರೂ ನಮ್ಮ ಗಳಿಕೆಯಲ್ಲ, ಅಲ್ಲಾಹನ ಅಮಾನತ್ತು. ಅಮಾನತ್ತಿನ ಲೆಕ್ಕವನ್ನು ಕೇಳುವ ದಿನವೊಂದು ಬರಲಿದೆ. ಆ ಲೆಕ್ಕದಲ್ಲಿ ನಮ್ಮನ್ನು ಕೃತಜ್ಞರ ಸಾಲಿಗೆ ಸೇರಿಸೆಂದು ಅವನಲ್ಲಿ ಬೇಡೋಣ. ಬೇಡುವ ಮುನ್ನ ನಲ್ಲಿಯನ್ನು ನಿಲ್ಲಿಸೋಣ.