ನಮ್ಮ ಮನೆಯ ಹಸಿರು ಬಾಗಿಲುಗಳು

ಯುಗಾದಿಗೆ ಇನ್ನು ಎಂಟು ದಿನ ಅನ್ನುವಾಗ ನಮ್ಮೂರಿನ ಮನೆಮನೆಯಲ್ಲೂ ತೊಳೆಯುವ ಕೆಲಸ ಶುರು. ಅಟ್ಟ, ಹಾಸಿಗೆ, ಪಾತ್ರೆ ದೊಡ್ಡವರ ಪಾಲು. ಬಾಗಿಲು ನಮ್ಮಂಥ ಮಕ್ಕಳ ಪಾಲು. ನಮ್ಮ ಮನೆಗೆ ನಾಲ್ಕು ಬಾಗಿಲು, ಎಲ್ಲಕ್ಕೂ ಹಸಿರು ಎನಾಮೆಲ್ ಪೇಂಟ್. ಅತ್ತೆಯ ಮದುವೆಗೆ ಹೊಡೆಸಿದ್ದಂತೆ, ನಾನು ಹುಟ್ಟುವುದಕ್ಕೂ ಮುಂಚೆ.

ಬಾಗಿಲ ಕೊಳೆ ನೋಡಿದರೆ ಮನೆಯ ಕಥೆಯೇ ಗೊತ್ತಾಗುತ್ತೆ. ಚಿಲಕದ ಸುತ್ತ ಎಲ್ಲರ ಕೈಜಿಡ್ಡು. ಅಡುಗೆಮನೆ ಬಾಗಿಲಿಗೆ ಒಲೆಯ ಮಸಿ, ಒಗ್ಗರಣೆಯ ಎಣ್ಣೆ. ಕೆಳಗಡೆ ಕೆಸರು, ಕರು ಮೂತಿ ಒರೆಸಿದ ಗುರುತು. ಚೌಕಟ್ಟಿನ ಮೇಲೆ ಅಜ್ಜಿ ಸೀಮೆಸುಣ್ಣದಲ್ಲಿ ಬರೆದ ಹಾಲಿನ ಲೆಕ್ಕ. ಅದನ್ನು ಮೊದಲು ಪುಸ್ತಕಕ್ಕೆ ಇಳಿಸಿಕೊಳ್ಳಬೇಕು, ಇಲ್ಲದಿದ್ದರೆ ಹಬ್ಬದ ದಿನವೇ ಜಗಳ!

ತೊಳೆಯುವುದಕ್ಕೂ ಅಜ್ಜಿಯದೊಂದು ಕ್ರಮವಿದೆ. ಒಂದು ಬಕೆಟ್‌ನಲ್ಲಿ ಅಂಟುವಾಳಕಾಯಿ ನೆನೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಚೆನ್ನಾಗಿ ಹಿಂಡಿ ಕೆಳಗಿನಿಂದ ಮೇಲಕ್ಕೆ ಒರೆಸಬೇಕು. ಮೇಲಿನಿಂದ ಶುರು ಮಾಡಿದರೆ ಕೊಳೆನೀರು ಒಣಗಿದ ಜಾಗಕ್ಕೆ ಇಳಿದು ಗೆರೆ ಬೀಳುತ್ತೆ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಕೊನೆಗೆ ಬರೀ ನೀರಿನ ಬಟ್ಟೆ, ಅದಾದ ಮೇಲೆ ಒಣಬಟ್ಟೆ. ಬೂದಿ, ತೆಂಗಿನ ನಾರು, ಸೋಡಾ ಯಾವುದೂ ಬೇಡ. ಅವು ಕೊಳೆಯ ಜೊತೆ ಬಣ್ಣದ ಹೊಳಪನ್ನೂ ತಿಂದುಬಿಡುತ್ತವೆ. ಬಕೆಟ್ ಎತ್ತಿ ನೀರು ಸುರಿಯಲೂ ಬಾರದು. ಬಾಗಿಲ ಕೆಳ ಅಂಚಿಗೆ ಬಣ್ಣ ಇರುವುದು ಕಡಿಮೆ. ಅಲ್ಲಿ ಮರ ನೀರು ಕುಡಿದು ಉಬ್ಬಿ, ಬಾಗಿಲು ಹೊಸ್ತಿಲಿಗೆ ಸಿಕ್ಕಿಕೊಳ್ಳುತ್ತೆ.

ಈ ವರ್ಷ ಹಿತ್ತಿಲ ಬಾಗಿಲಿನ ಬಣ್ಣ ಸಿಪ್ಪೆ ಎದ್ದಿತ್ತು. ದೊಡ್ಡಪ್ಪ ಉಪ್ಪುಕಾಗದ ತಂದು "ಗೀಚಿ ಹಾಕಿದ್ರೆ ಅರ್ಧ ಗಂಟೆ ಕೆಲಸ" ಅಂದರು. ನಾನು ಬೇಡವೆಂದೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಹಳದಿ, ಹಸಿರು ಬಣ್ಣ ಹೊಳೆಯಲಿ, ಬೇಗ ಒಣಗಲಿ ಎಂದು ಸೀಸದ ವಸ್ತು ಬೆರೆಸುತ್ತಿದ್ದರು. ನಮ್ಮ ದೇಶದಲ್ಲಿ ಮನೆಯ ಬಣ್ಣಕ್ಕೆ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2016ರಲ್ಲಿ ಆಗಿ, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ನಮ್ಮ ಬಾಗಿಲು ಅದಕ್ಕಿಂತ ಹಳೆಯದು. ಒಣಗಿದ್ದಾಗ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಪೆಟ್ಟು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ. ನನ್ನ ಪುಟ್ಟ ತಂಗಿ ಅದೇ ಹೊಸ್ತಿಲ ಮೇಲೆ ಕೂತು ಸಿಕ್ಕಿದ್ದೆಲ್ಲ ಬಾಯಿಗೆ ಹಾಕಿಕೊಳ್ಳುತ್ತಾಳೆ.

"ನಾವೆಲ್ಲ ಇದೇ ಬಾಗಿಲಲ್ಲಿ ಓಡಾಡಿ ದೊಡ್ಡೋರಾಗಿಲ್ವೇನೋ?" ಅಂದರು ದೊಡ್ಡಪ್ಪ.

ಉತ್ತರ ಕೊಟ್ಟದ್ದು ಅಜ್ಜಿ: "ಆಗ ಗೊತ್ತಿರ್ಲಿಲ್ಲ ಕಣಪ್ಪ. ಈಗ ಗೊತ್ತಾಯ್ತಲ್ಲ."

ಉಪ್ಪುಕಾಗದ ಅಟ್ಟ ಸೇರಿತು. ತಂಗಿಯನ್ನು ಪಕ್ಕದ ಮನೆಗೆ ಕಳಿಸಿ, ಅಪ್ಪ ಒದ್ದೆಬಟ್ಟೆಯಿಂದಲೇ ಸಿಪ್ಪೆ ತೆಗೆದು, ಕವರಿನಲ್ಲಿ ಕಟ್ಟಿ, ನೆಲವನ್ನೂ ಒದ್ದೆಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ಕೈ ತೊಳೆದರು. ಒಣಗಿದ ಮೇಲೆ ದೊಡ್ಡಪ್ಪನೇ ಪೇಟೆಯಿಂದ ಹೊಸ ಬಣ್ಣ ತಂದು ಬಳಿದರು.

ಗೆಳೆಯರೇ, ನಿಮ್ಮ ಮನೆಯಲ್ಲೂ ಹಳೇ ಬಣ್ಣದ ಬಾಗಿಲಿದ್ದರೆ ಒದ್ದೆಬಟ್ಟೆಯನ್ನೇ ಹಿಡಿಯಿರಿ. ಸಿಪ್ಪೆ ಎದ್ದಿದ್ದರೆ ನೀವು ಮುಟ್ಟಬೇಡಿ, ದೊಡ್ಡವರಿಗೆ ಹೇಳಿ. ಚಿಕ್ಕವರು ಹೇಳಿದರೆ ಕೇಳುತ್ತಾರೋ ಇಲ್ಲವೋ ಎಂದು ಸುಮ್ಮನಿರಬೇಡಿ. ಕೇಳುವ ಅಜ್ಜಿಯೊಬ್ಬಳು ಪ್ರತಿ ಮನೆಯಲ್ಲೂ ಇರುತ್ತಾಳೆ.