ರಫು ಸಾಹೇಬರ ಜಗಲಿ

ಹರಿದ ಬಟ್ಟೆಗೆ ನಮ್ಮ ಮನೆಯಲ್ಲಿ ಎರಡು ಬಗೆಯ ಚಿಕಿತ್ಸೆ ಇತ್ತು. ಚಡ್ಡಿಯ ಹಿಂಭಾಗ, ಲಂಗದ ಅಂಚು, ದಿಂಬಿನ ಗವಸು ಇವಕ್ಕೆಲ್ಲ ತೇಪೆ. ಅದು ಅಜ್ಜಿಯ ಇಲಾಖೆ. ಹಳೇ ಪಂಚೆಯ ಚೂರೊಂದನ್ನು ಒಳಗಿಟ್ಟು ಕೈಗೆ ಸಿಕ್ಕ ದಾರದಲ್ಲಿ ಹೊಲಿದುಬಿಟ್ಟರೆ ಆಯಿತು, ಬಣ್ಣ ಹೊಂದಬೇಕೆಂಬ ಗೋಜಿಲ್ಲ. ಇನ್ನೊಂದು ರಫು. ಆ ಭಾಗ್ಯ ಇದ್ದದ್ದು ಮೂರಕ್ಕೇ: ಅಜ್ಜನ ಉಣ್ಣೆ ಕೋಟು, ಅಪ್ಪನ ಮದುವೆಯ ಪ್ಯಾಂಟು, ಅಮ್ಮನ ಮೈಸೂರು ರೇಷ್ಮೆ ಸೀರೆ.

ರಫು ಎಂದರೆ ನನಗೆ ಮೈಸೂರಿನ ಅಶೋಕ ರಸ್ತೆಯ ಪಕ್ಕದ ಗಲ್ಲಿಯ ಒಂದು ಜಗಲಿ. ಅಲ್ಲಿ ಕೂರುತ್ತಿದ್ದವರ ಹೆಸರು ನಮಗೆ ಯಾರಿಗೂ ತಿಳಿಯದು, ಎಲ್ಲರಿಗೂ ರಫು ಸಾಹೇಬರು. ಮಷೀನು ಇಲ್ಲ, ಬೋರ್ಡು ಇಲ್ಲ. ಒಂದು ಡಬ್ಬಿ ಸೂಜಿ, ಸಣ್ಣ ಕತ್ತರಿ, ಮೂಗಿನ ತುದಿಯಲ್ಲಿ ಕನ್ನಡಕ. ಹೊಲಿಗೆಯವರ ಮಾತಿನಲ್ಲಿ ಅಸ್ತರು, ಜೇಬು, ದರ್ಜಿ ಬಂದ ದಾರಿಯಲ್ಲೇ ಈ ರಫುವೂ ಪಾರಸಿಯಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಬಾಯಿಗೆ ಬಂದದ್ದು. ಸಂಸ್ಕೃತ ಓದಿದ್ದ ಅಜ್ಜ ಮಾತ್ರ ಬಿಡುತ್ತಿರಲಿಲ್ಲ. ಅಮರಕೋಶದಲ್ಲೇ ‘ತುನ್ನವಾಯ’ ಇದ್ದಾನೆ, ಹರಿದದ್ದನ್ನು ನೇಯುವವನು ಎಂದು ವಾದಿಸುತ್ತಿದ್ದರು. ವಾದ ಮುಗಿಸಿ ಕೋಟನ್ನು ಸಾಹೇಬರ ಹತ್ತಿರವೇ ಕಳಿಸುತ್ತಿದ್ದರು.

1975ರಲ್ಲಿ ‘ರಫೂ ಚಕ್ಕರ್’ ಅಂತ ಒಂದು ಹಿಂದಿ ಸಿನಿಮಾ ಬಂತು. ಪೋಸ್ಟರು ಕಂಡ ದಿನ ನಾನೂ ಅಕ್ಕನೂ ಇದು ನಮ್ಮ ಸಾಹೇಬರ ಕಥೆಯೇ ಎಂದು ನಂಬಿಬಿಟ್ಟೆವು. ಅದರ ಅರ್ಥ ಕಣ್ಣೆದುರೇ ಮಾಯವಾಗುವುದು ಎಂದು ಆಮೇಲೆ ಯಾರೋ ಹೇಳಿದರು. ನಾವು ಪೂರ್ತಿ ತಪ್ಪಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ಆ ಸುಮಾರಿಗೇ ಅಕ್ಕ ಕಾಲೇಜಿನ ವಾರ್ಷಿಕೋತ್ಸವಕ್ಕೆ ಅಮ್ಮನ ಸೀರೆ ಉಟ್ಟುಕೊಂಡು ಹೋದಳು. ಗಿಳಿಹಸಿರು ಒಡಲು, ಜರಿ ಅಂಚು. ಬೆಂಚಿನ ಮೊಳೆಯೊಂದು ಬಡಗಿಯ ಮೂಲೆಮಟ್ಟದ ಆಕಾರಕ್ಕೆ ಅದನ್ನು ಹರಿದಿತ್ತು. ಮಾರನೆಯ ದಿನ, ಅಮ್ಮ ಹರಿಕಥೆಗೆ ಹೋದ ಹೊತ್ತು ನೋಡಿ, ಸೀರೆಯನ್ನು ಪುಸ್ತಕದ ಚೀಲದಲ್ಲಿ ತುರುಕಿಕೊಂಡು ಓಡಿದೆವು.

ಸಾಹೇಬರು ಹರುಕನ್ನು ಬೆಳಕಿಗೆ ಹಿಡಿದು ನೋಡಿದರು. “ಅಮ್ಮಂದು ಅಲ್ವಾ?” ಎಂದರು. ನಾವು ಏನೂ ಹೇಳಿರಲಿಲ್ಲ.

ಅವರು ಮೊದಲು ಹುಡುಕಿದ್ದು ಸೀರೆಯ ಒಳತುದಿ, ಸೊಂಟಕ್ಕೆ ಸಿಕ್ಕಿಸುವ, ಯಾರ ಕಣ್ಣಿಗೂ ಬೀಳದ ಕೊನೆ. ಅಲ್ಲಿಂದ ಒಂದೊಂದೇ ಎಳೆ ಎಳೆದು ತೆಗೆದರು. ಮೈಸೂರು ರೇಷ್ಮೆಯ ನೂಲಿಗೆ ಹುರಿ ಜಾಸ್ತಿ, ಬಟ್ಟೆ ಬಿಟ್ಟ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತದೆ. ಒದ್ದೆ ಬೆರಳಲ್ಲಿ ಅದನ್ನು ನೀವಿ ನೀವಿ ಸೂಜಿಗೆ ಪೋಣಿಸುವುದೇ ಅರ್ಧ ಕೆಲಸ. ಬಟ್ಟೆಯನ್ನು ಮೊಣಕಾಲ ಮೇಲೆ ಬಿಗಿಯಾಗಿ ಹರಡಿಕೊಂಡು, ಹರುಕಿನ ಆಚೆ ಈಚೆ ಗಟ್ಟಿ ಬಟ್ಟೆಯೊಳಗೂ ಒಂದಷ್ಟು ದೂರ ಸೂಜಿ ಓಡಿಸಿ, ಮೊದಲು ಹಾಸಿನ ಎಳೆಗಳನ್ನು ಉದ್ದಕ್ಕೆ ಕೂರಿಸಿದರು. ಆಮೇಲೆ ಹೊಕ್ಕು. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ, ವಾಪಸು ಬರುವಾಗ ಅದರ ತಿರುಗುಮುರುಗು. ಮಗ್ಗದಲ್ಲಿ ಲಾಳಿ ಮಾಡುವುದನ್ನು ಇಲ್ಲಿ ಸೂಜಿ ಮಾಡುತ್ತಿತ್ತು. ‘ಹಾಸುಹೊಕ್ಕು’ ಎಂಬ ಮಾತನ್ನು ಪರೀಕ್ಷೆಗೆ ಎಷ್ಟು ಸಲ ಬರೆದಿದ್ದೆನೋ, ಅದು ಕಣ್ಣಿಗೆ ಕಂಡದ್ದು ಆ ಜಗಲಿಯಲ್ಲಿ.

ಎರಡೂವರೆ ಗಂಟೆ ಹಿಡಿಯಿತು. ಮುಗಿಸಿ, ಉಗುರಿನಿಂದ ತಿಕ್ಕಿ, ಸೀರೆಯನ್ನು ನಮ್ಮ ಮುಂದೆ ಹಾಸಿ “ಎಲ್ಲಿದೆ, ತೋರಿಸಿ” ಎಂದರು. ಅಕ್ಕ ಬೆರಳಿಟ್ಟ ಜಾಗ ತಪ್ಪಾಗಿತ್ತು. ಸಾಹೇಬರು ಮೀಸೆಯಲ್ಲೇ ನಕ್ಕರು.

ತೇಪೆ ಎಂಬ ಮಾತು ನೋಡಿ, ಎಲ್ಲೆಲ್ಲೂ ಹಬ್ಬಿಕೊಂಡಿದೆ. ರಸ್ತೆಗೆ ತೇಪೆ, ಸರ್ಕಾರಕ್ಕೆ ತೇಪೆ, ಜಗಳವಾಡಿದವರ ನಡುವೆ ತೇಪೆ ಹಚ್ಚುವ ಹಿರಿಯರು. ರಫುವಿಗೆ ಆ ಅದೃಷ್ಟ ಬರಲಿಲ್ಲ. ಚೆನ್ನಾಗಿ ಮಾಡಿದ ರಫು ಕಾಣಿಸದು, ಕಾಣಿಸದ್ದನ್ನು ಯಾರು ಮಾತಿಗೆ ಎಳೆದಾರು? ಉತ್ತರ ಪ್ರದೇಶದ ನಜೀಬಾಬಾದಿನಲ್ಲಿ ಕಾಶ್ಮೀರಿ ಶಾಲುಗಳಿಗೆ ಜೀವ ಕೊಡುವ ರಫೂಗಾರರ ಮನೆತನಗಳಿವೆ. ಶಾಲಿನ ಹೊಗಳಿಕೆಯಲ್ಲಿ ಅವರ ಸುದ್ದಿ ಬರುವುದು ಅಪರೂಪ. ಸಾಹೇಬರ ಜಗಲಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಹರಿದ ಜೀನ್ಸನ್ನು ಹರಿದದ್ದಕ್ಕೇ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವ ನನ್ನ ಮಗಳಿಗೆ ಈ ಪದ ಹೇಳಿದರೆ “ರಫ್ ಅಂದ್ಯಾ?” ಎನ್ನುತ್ತಾಳೆ.

ಅಕ್ಕನ ಮದುವೆಗೆ ಸೀರೆಗಳನ್ನು ಜೋಡಿಸುವಾಗ ಅಮ್ಮ ಆ ಗಿಳಿಹಸಿರನ್ನೇ ಎತ್ತಿ ಅವಳ ಮಡಿಲಿಗಿಟ್ಟಳು. ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಅಮ್ಮ ಸೀರೆಯ ಒಳತುದಿ ಬಿಡಿಸಿ, ನೂಲು ಎಳೆದು ಜೂಲಾಗಿದ್ದ ಬೆರಳಗಲ ಜಾಗದ ಮೇಲೆ ಕೈಯಾಡಿಸಿದಳು.

“ಸಾಹೇಬ್ರಿಗೆ ಎಷ್ಟು ಕೊಟ್ರೇ ಅವತ್ತು?”

“ಮೂರು ರೂಪಾಯಿ” ಎಂದಳು ಅಕ್ಕ.

“ಕಡಿಮೆ ಆಯ್ತು” ಎಂದು ಅಮ್ಮ ಸೀರೆ ಮಡಿಸತೊಡಗಿದಳು.