ಅರಳೆಯ ಋಣ

ಚಳಿಗಾಲ ಬಂತೆಂದರೆ ನಾನು ಓದಿ ಬೆಳೆದ ಮಠದ ಅಂಗಳದಲ್ಲಿ ಒಂದು ನಾದ ಕೇಳಿಬರುತ್ತಿತ್ತು. ಬಿಲ್ಲಿನ ತಂತಿಗೆ ಮರದ ಗುಂಡು ತಾಗಿದಾಗ ಹೊರಡುವ ಆ ನಾದವನ್ನು ಕೇಳಿದೊಡನೆ ಪ್ರಸಾದನಿಲಯದ ಹುಡುಗರಾದ ನಾವು ಸಂಸ್ಕೃತದ ಶಬ್ದರೂಪಗಳನ್ನು ಅಲ್ಲಿಯೇ ಬಿಟ್ಟು ಹೊರಗೋಡುತ್ತಿದ್ದೆವು. ಗಂಟುಗಟ್ಟಿದ ಗಾದಿಗಳ ಹತ್ತಿಯನ್ನು ಪಿಂಜಾರ ಹಿರಿಯರೊಬ್ಬರು ಹಿಂಜುತ್ತಿದ್ದರು. ಕಲ್ಲಿನಂತಿದ್ದುದು ನೋಡುನೋಡುತ್ತಿದ್ದಂತೆ ಹಾಲಿನ ನೊರೆಯಾಗುತ್ತಿತ್ತು. ಮಧ್ಯಾಹ್ನ ಅವರೂ ಅವರ ಮಗನೂ ಮಠದಲ್ಲಿಯೇ ಉಣ್ಣುತ್ತಿದ್ದರು. ಆ ಮಗ ನನ್ನ ಓರಗೆಯವನು.

ದಶಕಗಳು ಉರುಳಿದವು. ನಾನು ನಾಲ್ಕಕ್ಷರ ಕಲಿತು ಶಾಸ್ತ್ರಿಯೆನಿಸಿಕೊಂಡೆ. ಆತ ತಂದೆಯ ಬಿಲ್ಲನ್ನು ಹಿಡಿದ. ಆದರೆ ಕಾಲ ಬಿಲ್ಲಿಗೆ ಅನುಕೂಲವಾಗಿರಲಿಲ್ಲ. ಮನೆಮನೆಗೂ ಫೋಮಿನ ಹಾಸಿಗೆಗಳು ಬಂದವು. ಹತ್ತಿಯ ಗಾದಿಯೇ ಬೇಕೆನ್ನುವವರೂ ಯಂತ್ರದಲ್ಲಿ ಹಿಂಜಿಸುವವರ ಅಂಗಡಿಗೆ ಹೋಗತೊಡಗಿದರು. ಕೈಯಿಂದ ಹಿಂಜಲು ಹೊತ್ತು ಹೆಚ್ಚು, ಕೂಲಿ ಕಡಿಮೆ. ಜೊತೆಗೆ ಧೂಳು ಎದೆಗಿಳಿದು ತೀರದ ಕೆಮ್ಮು.

2019ರಲ್ಲಿ ಒಂದು ದಿನ ಆತ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತ. ಕೈಯಲ್ಲಿ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರ್ಜಿಯಿತ್ತು. “ಶಾಸ್ತ್ರಿಗಳ, ಅರಳಿ ಹಿಂಜೋ ಮಷಿನ್ ತಗೋಬೇಕಂತೀನ್ರಿ. ಇದನ್ನ ತುಂಬಿ ಕೊಟ್ಟು ಒಂದ್ಸಲ ಆಫೀಸಿಗೆ ನನ್ನ ಜೋಡಿ ಬರ್ರಿ” ಎಂದ. ನಾನು ಆಗ ಆಡಿದ ಮಾತನ್ನು ಇಂದು ಬರೆಯುವುದಕ್ಕೂ ಲಜ್ಜೆಯಾಗುತ್ತದೆ. “ನಿಮ್ಮ ತಂದೆ ಸರಕಾರದ ಮುಂದೆ ಕೈಯೊಡ್ಡದೆ ಬಾಳಿದರು. ನಿನಗೇಕೆ ಈ ಚಟ?” ಎಂದುಬಿಟ್ಟೆ. ಇಷ್ಟೇ ಆಗಿದ್ದರೆ ಉಪದೇಶದ ಹುಚ್ಚು ಎನ್ನಬಹುದಿತ್ತು. ‘ಇವರಿಗೇ ಏಕೆ ಬೇರೆ ನಿಗಮ?’ ಎಂಬ ಕಹಿಯೂ ನನ್ನ ಮನದ ಮೂಲೆಯಲ್ಲಿತ್ತು. ಆತ ಏನೂ ಅನ್ನಲಿಲ್ಲ. ಕಾಗದವನ್ನು ಮಡಚಿಕೊಂಡು ಎದ್ದುಹೋದ. ಅರ್ಜಿಯ ಕೊನೆಯ ದಿನ ಹಾಗೆಯೇ ಕಳೆದುಹೋಯಿತು.

ಆತ ಯಂತ್ರಕ್ಕಾಗಿ ಖಾಸಗಿಯವರಲ್ಲಿ ಕೈಗಡ ತಂದನೆಂದು ನನಗೆ ಆಮೇಲೆ ತಿಳಿಯಿತು. ಇಪ್ಪತ್ತೈದು ಸಾವಿರ ರೂಪಾಯಿ. ನೂರಕ್ಕೆ ತಿಂಗಳಿಗೆ ಐದರಂತೆ ಬಡ್ಡಿ. ಅಂದರೆ ಬಡ್ಡಿಯೇ ತಿಂಗಳಿಗೆ 1,250 ರೂಪಾಯಿ, ಅಸಲು ಇದ್ದಲ್ಲಿಯೇ. ಆ ಹಣಕ್ಕೆ ಬಂದದ್ದು ಯಾರೋ ಬಳಸಿ ಬಿಟ್ಟ ಹಳೆಯ ಯಂತ್ರ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾದ ಲಾಕ್‌ಡೌನ್ ಬಂದು ಮದುವೆಗಳು ನಿಂತವು. ಗಾದಿ ಕೇಳುವವರು ಇಲ್ಲವಾದರು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಯಂತ್ರವೂ ಹೋಯಿತು, ಮನೆಯಾಕೆಯ ಕಿವಿಯ ಬಂಗಾರವೂ ಹೋಯಿತು.

ಅದೇ ವರ್ಷದ ಕೊನೆಗೆ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಮುಂದೆ ನಮ್ಮ ಓಣಿಯ ಹುಡುಗರು ಅರ್ಜಿ ಹಿಡಿದು ನನ್ನಲ್ಲಿಗೆ ಬಂದಾಗ ನಾನು ಕನ್ನಡಕ ಏರಿಸಿಕೊಂಡು ಉತ್ಸಾಹದಿಂದ ಬರೆದುಕೊಟ್ಟೆ. ಒಂದು ಸಂಜೆ ನಮ್ಮ ಮನೆಯವರು ದೀಪಕ್ಕೆ ಎಣ್ಣೆ ಹಾಕುತ್ತ, “ಅವತ್ತು ಆ ಸಾಹೇಬ್ರ ಅರ್ಜಿಗೆ ಈ ಕೈ ಯಾಕ ಏಳಲಿಲ್ರಿ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮವರು ಕೇಳಿದರೆ ಹಕ್ಕು, ಅವರು ಕೇಳಿದರೆ ಭಿಕ್ಷೆ, ಇದಾವ ನ್ಯಾಯ?

ಆ ರಾತ್ರಿ ನಿದ್ರೆ ಬರಲಿಲ್ಲ. ಮರುದಿನದಿಂದ ಈ ವಿಷಯವನ್ನು ಓದತೊಡಗಿದೆ. ಕರ್ನಾಟಕದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಹುಟ್ಟಿದ್ದು 1986ರಲ್ಲಿ. ಕೇಂದ್ರದ ನಿಗಮ 1994ರಲ್ಲಿ. ಮುಸ್ಲಿಮರು ಮಾತ್ರವಲ್ಲ, ಕ್ರೈಸ್ತರು, ಸಿಖ್ಖರು, ಬೌದ್ಧರು, ಪಾರಸಿಗಳು, 2014ರಿಂದ ಜೈನರೂ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಪರಿಗಣಿತರು. 2006ರ ಸಾಚಾರ್ ಸಮಿತಿಯ ವರದಿಯು ಒಂದು ಮಾತನ್ನು ಸ್ಪಷ್ಟಪಡಿಸಿತ್ತು: ಮುಸ್ಲಿಮರಲ್ಲಿ ಸ್ವಂತ ಕಸುಬಿನಿಂದ ಬದುಕುವವರ ಪ್ರಮಾಣ ಹೆಚ್ಚು, ಬ್ಯಾಂಕಿನ ಸಾಲದಲ್ಲಿ ಅವರಿಗೆ ದೊರೆಯುವ ಪಾಲು ಕಡಿಮೆ. ಕೈಯಲ್ಲಿ ಕಸುಬುಂಟು, ಬಂಡವಾಳದ ಬಾಗಿಲು ಮುಚ್ಚಿದೆ. ನನ್ನ ಗೆಳೆಯನ ಕಥೆ ಇದೇ ಅಲ್ಲವೇ?

ಆತ ಕೇಳಿದ್ದು ‘ಶ್ರಮಶಕ್ತಿ’ ಎಂಬ ಯೋಜನೆಯ ನೆರವನ್ನು. ಅದರ ನಿಯಮವನ್ನು ಓದಿದಾಗ ಅದು ಭಿಕ್ಷೆಯಲ್ಲವೆಂದು ತಿಳಿಯಿತು. 50,000 ರೂಪಾಯಿಗಳವರೆಗೆ ಹಣ. ಬಡ್ಡಿ ವರ್ಷಕ್ಕೆ ಶೇಕಡಾ 4. ಅದರಲ್ಲಿ ಅರ್ಧವನ್ನು 36 ತಿಂಗಳೊಳಗೆ ತೀರಿಸಿದರೆ ಉಳಿದರ್ಧ ಸಹಾಯಧನವಾಗುವುದು. ತೀರಿಸದಿದ್ದರೆ ಅದೂ ಸಾಲವೇ. ಇಪ್ಪತ್ತೈದು ಸಾವಿರವನ್ನು 36 ತಿಂಗಳಿಗೆ ಹಂಚಿದರೆ ಬಡ್ಡಿಯೂ ಸೇರಿ ತಿಂಗಳ ಕಂತು ಏಳುನೂರು ರೂಪಾಯಿಗೆ ತುಸು ಮೇಲೆ. ಆತ ಖಾಸಗಿಯವರಿಗೆ ಕಟ್ಟುತ್ತಿದ್ದ ಬರಿಯ ಬಡ್ಡಿಗಿಂತಲೂ ಇದು ಕಡಿಮೆ! ನನ್ನ ಒಂದು ಮಾತಿನ ಬೆಲೆಯನ್ನು ಈ ಲೆಕ್ಕವೇ ನನಗೆ ತೋರಿಸಿಕೊಟ್ಟಿತು.

2022ರಲ್ಲಿ ನಾನಾಗಿಯೇ ಅವನ ಮನೆಗೆ ಹೋದೆ. ಕ್ಷಮೆ ಕೇಳಿದಾಗ ಆತ, “ಬಿಡ್ರಿ ಶಾಸ್ತ್ರಿಗಳ, ಗಂಟುಬಿದ್ದ ಅರಳೀನ ಹಿಂಜಿದ್ರ ಮತ್ತ ಅರಳ್ತೈತ್ರಿ” ಎಂದು ನಕ್ಕ. ಆಧಾರ್, ಪಡಿತರ ಚೀಟಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಬ್ಯಾಂಕಿನ ಪಾಸ್‌ಬುಕ್, ಯಂತ್ರದ ದರಪಟ್ಟಿ ಎಲ್ಲವನ್ನೂ ಕೂಡಿಸಿದೆವು. ಒಂದರಲ್ಲಿ ಆತನ ಹೆಸರು ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ. ಅದನ್ನು ತಿದ್ದಿಸಲು ಎರಡು ತಿಂಗಳು ಬೇಕಾಯಿತು. ಕಚೇರಿಯ ಹೊರಗೆ ಒಬ್ಬ ಮಧ್ಯವರ್ತಿ ತನ್ನ ಪಾಲು ಕೇಳಿದ. ಒಬ್ಬನೇ ಬಂದಿದ್ದರೆ ಗೆಳೆಯ ಕೊಟ್ಟುಬಿಡುತ್ತಿದ್ದನೇನೋ. ಬಿಳಿಯ ಧೋತರದ ಮುದುಕನೊಬ್ಬ ಪಕ್ಕದಲ್ಲಿ ನಿಂತಿದ್ದರಿಂದ ಆ ಮನುಷ್ಯ ಸರಿದುಹೋದ. ಅರಿತವರು ಜೊತೆಗೆ ಹೋಗುವುದರ ಪ್ರಯೋಜನ ಇಷ್ಟು.

ಹಣ ಬಂದದ್ದು ಮರುವರ್ಷ. ಯಂತ್ರದ ಬೆಲೆಗೆ ಅದು ಸಾಲಲಿಲ್ಲ. ಕೊರತೆಯನ್ನು ಅವನ ಮಗ ತುಂಬಿದ. ಆತನೇನೂ ಸಿರಿವಂತನಾಗಲಿಲ್ಲ. ಕೆಮ್ಮು ಪೂರ್ತಿ ಹೋಗಿಲ್ಲ, ಹಳೆಯ ಕೈಗಡ ಇನ್ನೂ ಸ್ವಲ್ಪ ಉಳಿದಿದೆ. ಆದರೆ ಕಂತು ಒಂದೂ ತಪ್ಪಿಲ್ಲ. ಮದುವೆಯ ದಿನಗಳಲ್ಲಿ ತಂದೆ ಮಕ್ಕಳಿಬ್ಬರಿಗೂ ಕೈತುಂಬ ಕೆಲಸವಿರುತ್ತದೆ. ಹಿರಿಯರ ಬಿಲ್ಲು ಗೋಡೆಯ ಮೇಲೆ ತೂಗುತ್ತಿದೆ.

ಕಾಯಕವೇ ದೊಡ್ಡದೆಂದು ನಾವು ವೇದಿಕೆಗಳ ಮೇಲೆ ಹೇಳುತ್ತೇವೆ. ಕಾಯಕ ಮಾಡುವವನ ಕೈಯಿಂದ ಉಪಕರಣ ಜಾರುತ್ತಿರುವಾಗ ಅದನ್ನು ಮತ್ತೆ ಆ ಕೈಗಿಡುವುದೂ ಆ ಮಾತಿನಲ್ಲಿಯೇ ಅಡಗಿದೆಯೆಂದು ನಾನು ತಡವಾಗಿ ಕಲಿತೆ. ನಾನಾದರೂ ಯಾರು? ಹಳ್ಳಿಹಳ್ಳಿಯ ಭಕ್ತರು ಕೊಟ್ಟ ಜೋಳದಿಂದ ಮಠದಲ್ಲಿ ಉಂಡು ಓದಿದವನು. ನನಗೆ ದೊರೆತ ಆ ಅನ್ನವನ್ನು ಪ್ರಸಾದವೆಂದು ಕರೆದವನು ಗೆಳೆಯನಿಗೆ ದೊರೆಯಬೇಕಾದ ನೆರವನ್ನು ಭಿಕ್ಷೆಯೆಂದು ಕರೆದೆ.

ಶರಣಬಂಧುಗಳೇ, ನಿಮ್ಮ ಓಣಿಯಲ್ಲಿಯೂ ಕಮ್ಮಾರನೋ ದರ್ಜಿಯೋ ಅತ್ತಾರನೋ ಒಂದು ಅರ್ಜಿ ಹಿಡಿದು ಬಂದಾನು. ಆತ ಯಾವ ಮತದವನೆಂದು ನೋಡದೆ, ಉಪದೇಶವನ್ನೂ ಮಾಡದೆ, ಲೇಖನಿ ತೆಗೆದುಕೊಳ್ಳಿರಿ.

ಕಳೆದ ಚಳಿಗಾಲದಲ್ಲಿ ಆತ ನಮ್ಮ ಮನೆಯ ಗಾದಿಯನ್ನು ಹಿಂಜಿ, ಹೊಲಿದು ತಂದುಕೊಟ್ಟ. ಕೂಲಿ ಬೇಡವೆಂದ. ನಾನು ಬಲವಂತದಿಂದ ಪೂರ್ತಿ ಕೂಲಿಯನ್ನು ಅವನ ಕೈಗಿಟ್ಟೆ. ಹಣದ ಲೆಕ್ಕ ತೀರಿತು. ಉಳಿದ ಋಣ ಹಾಗೆಯೇ ಇದೆ.